ಅತ್ತೆ ನೋಡಿ ಒಪ್ಪಿದ ಜಾಗ

ಮಾವ ತೀರಿಕೊಂಡ ದಿನ ಮಳೆ ಸ್ವಲ್ಪ ಬಿಡುವು ಕೊಟ್ಟು ಹೊಳವಾಗಿತ್ತು. ಬೆಳಗ್ಗೆ ಗಂಜಿ ಕುಡಿದು ಒಲೆಯ ಪಕ್ಕ ಕೂತವರು ಹಾಗೇ ಗೋಡೆಗೆ ಒರಗಿಬಿಟ್ಟರು. ವಯಸ್ಸಾಗಿತ್ತು, ಉಬ್ಬಸವೂ ಇತ್ತು. ಅತ್ತು ಸುಧಾರಿಸಿಕೊಂಡ ಮೇಲೆ ನನ್ನ ಗಂಡ ಹಾರೆ ಗುದ್ದಲಿ ತೆಗೆದುಕೊಂಡು, ಅಕ್ಕಪಕ್ಕದ ಇಬ್ಬರನ್ನು ಕರೆದುಕೊಂಡು ತೋಟದ ಕೆಳಗಿನ ಹಳ್ಳದ ದಂಡೆಗೆ ಹೊರಟರು.

ನಾವಿರುವುದು ಕೊಡ್ಲಿಪೇಟೆಯಿಂದ ಒಳಗೆ, ಒಂದು ಕಾಫಿ ತೋಟದ ಲೈನ್ ಮನೆಗಳಲ್ಲಿ. ಕೂಲಿಯವರಿಗೆಂದು ತೋಟದವರು ಸಾಲಾಗಿ ಕಟ್ಟಿಸಿದ ಮನೆಗಳಿಗೆ ಲೈನ್ ಎನ್ನುತ್ತಾರೆ. ಅತ್ತೆ ಮಾವ ಮದುವೆಯಾದ ಹೊಸತರಲ್ಲಿ ಅರಕಲಗೂಡಿನ ಕಡೆಯಿಂದ ಕಾಫಿ ಕೊಯ್ಲಿಗೆ ಬಂದವರು, ಇಲ್ಲೇ ಉಳಿದುಕೊಂಡರು. ಲೈನಿನಲ್ಲಿ ಯಾರು ಸತ್ತರೂ ಆ ಹಳ್ಳದ ದಂಡೆಯಲ್ಲೇ ಹೂಳುತ್ತಿದ್ದರು. ಹಳೆಯ ಸಾಹುಕಾರರು ಬೇಡ ಅಂದವರಲ್ಲ. ಆದರೆ ಅದರ ಹಿಂದಿನ ವರ್ಷ ತೋಟ ಕೈ ಬದಲಾಗಿತ್ತು.

ಇವರು ಇನ್ನೂ ಮಣ್ಣಿಗೆ ಹಾರೆ ಹಾಕಿರಲಿಲ್ಲ, ತೋಟದ ರೈಟರ್ ಓಡಿ ಬಂದರಂತೆ. ಹಾಜರಿ ಹಾಕುವವರು, ನನ್ನ ಗಂಡನೊಟ್ಟಿಗೇ ಬೆಳೆದವರು.

“ಅಲ್ಲಿ ಅಗೀಬೇಡ್ರಪ್ಪ. ತೋಟದೊಳಗೆ ಇನ್ಮೇಲೆ ಯಾರನ್ನೂ ಹೂಳೋ ಹಂಗಿಲ್ಲ ಅಂತ ಹೊಸ ಮ್ಯಾನೇಜರ್ ಹೇಳಿದಾರೆ.”

“ಮತ್ತೆ ಎಲ್ಲಿಗ್ ತಗೊಂಡ್ ಹೋಗೋದು ರೈಟ್ರೇ?”

“ಅದು ನಂಗೂ ಗೊತ್ತಿಲ್ಲ ಕಣಪ್ಪ,” ಎಂದು ಅವರು ನೆಲ ನೋಡಿದರಂತೆ.

ಊರಿನ ಮನೆಗಳವರಿಗೆ ಅವರವರ ಜಾಗವಿದೆ. ಲೈನಿನವರಿಗೆ ಕಾಲಿಡುವ ನೆಲವೂ ಬೇರೆಯವರದ್ದು. ಮಧ್ಯಾಹ್ನದವರೆಗೆ ಅಲ್ಲಿ ಇಲ್ಲಿ ಕೇಳಿ, ಕೊನೆಗೆ ಪಿಕಪ್ ಗಾಡಿ ಮಾಡಿಕೊಂಡು ಮಾವನ ತಮ್ಮನ ಊರಿಗೆ ಹೊರಟೆವು. ಅಲ್ಲಿಯೂ ಒಂದಿಬ್ಬರು, “ಬದುಕೋಕೆ ಕೊಡಗು, ಸತ್ ಮೇಲೆ ನಾವಾ?” ಎಂದು ಗೊಣಗಿದರು. ಆದರೂ ಚಿಕ್ಕಮಾವ ತಮ್ಮ ಹೊಲದ ಬದುವಿನಲ್ಲಿ ಜಾಗ ಬಿಟ್ಟುಕೊಟ್ಟರು. ಹೆಣ ಇಟ್ಟುಕೊಂಡು ಊರೂರು ತಿರುಗಿದ ಹಾಗಾಯಿತಲ್ಲ ಎಂಬ ಸಂಕಟ, ಸಾವಿನ ದುಃಖಕ್ಕಿಂತ ದೊಡ್ಡದಾಗಿತ್ತು.

ತಿಥಿ ಮುಗಿಸಿಕೊಂಡು ಬಂದ ಮೇಲೆ ಅತ್ತೆ ಶುರು ಮಾಡಿದರು. ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಿ, “ಅಲ್ಲ ಕಣವ್ವ, ನನ್ನ ಎಲ್ಲಿಗ್ ಹಾಕ್ತೀರಾ?” ಎಂದು ಕೇಳಿದರು.

“ಈಗ್ಯಾಕೆ ಅತ್ತೆ ಆ ಮಾತು?”

“ನಿಮ್ ಮಾವನ್ ತಮ್ಮ ಇದ್ದ, ಬದುವಲ್ಲಿ ಜಾಗ ಕೊಟ್ಟ. ಅವನೂ ಹೋದ್ರೆ? ಅವ್ನ್ ಮಕ್ಳು ನನ್ನ ಮುಖ ನೋಡಿಲ್ಲ.”

ಅಂದಿನಿಂದ ಅದೇ ಪ್ರಶ್ನೆ. ಊಟಕ್ಕೆ ಕೂತರೆ ಅದೇ, ತಲೆ ಬಾಚುವಾಗ ಅದೇ. ಅನ್ನ ಕಡಿಮೆಯಾಯಿತು. ಕೆಮ್ಮು ಬಂದರೆ ಹೆದರುತ್ತಿದ್ದರು. ಸಾವಿಗೆ ಹೆದರುತ್ತಿದ್ದಾರೆ ಎಂದುಕೊಂಡಿದ್ದೆ; ಅವರ ಹೆದರಿಕೆ ನಮಗೆ ತೊಂದರೆಯಾಗುತ್ತದೆ ಎಂಬುದಾಗಿತ್ತು.

ನಾನು ದಾರಿ ಕೂಡುವ ಕೈಕಂಬದ ಹತ್ತಿರ ಒಂದು ಕೋಣೆ ಹಿಡಿದು ಟೈಲರಿಂಗ್ ಮಾಡುತ್ತೇನೆ. ಒಂದು ದಿನ ಅಂಗಡಿ ಮುಚ್ಚಿ ಪಂಚಾಯ್ತಿಗೆ ಹೋದೆ. ಪಂಚಾಯ್ತಿ ಅಧಿಕಾರಿ, ಎಲ್ಲರೂ ಪಿಡಿಒ ಎನ್ನುತ್ತಾರೆ, ಒಳ್ಳೆಯ ಮಾತಿನ ಮನುಷ್ಯ. ಕೂರಿಸಿ ಕೇಳಿದರು. “ನೋಡೋಣಮ್ಮ, ಜಾಗದ್ದು ನಮ್ಮ ಕೈಲಿಲ್ಲ, ತಾಲ್ಲೂಕಿನವರು ಕೊಡ್ಬೇಕು,” ಎಂದರು. ಕೈ ಮುಗಿದು ಬಂದೆ. ಎರಡು ತಿಂಗಳಾದರೂ ನೋಡಿದ ಲಕ್ಷಣ ಕಾಣಲಿಲ್ಲ.

ದಾರಿ ತೋರಿಸಿದವರು ನಮ್ಮ ಸ್ತ್ರೀಶಕ್ತಿ ಸಂಘದ ಹಿರಿಯಕ್ಕ. ಊರಿನವರು, ಎರಡು ಹಸು ಕಟ್ಟಿಕೊಂಡು ಸ್ವಲ್ಪ ಕಾಫಿ ಮಾಡಿಕೊಂಡಿರುವವರು. ರವಿಕೆ ಅಳತೆ ಕೊಡಲು ಬಂದಾಗ ನನ್ನ ಕಥೆಯೆಲ್ಲ ಕೇಳಿ ಬೈದರು.

“ನೀನು ಒಬ್ಳೇ ಹೋಗಿ ಕೈ ಮುಗುದ್ರೆ ಅದು ಬೇಡಿಕೊಂಡಂಗಾಗ್ತದೆ. ಗ್ರಾಮಸಭೇಲಿ ಎಲ್ಲರೆದ್ರಿಗೆ ಕೇಳು, ಬರ್ಕೊಳ್ಳೇಬೇಕು ಅವ್ರು. ನಮ್ ಬೀದಿಗೆ ದೀಪ ಹಾಕಿಸ್ಕೊಂಡಿದ್ದು ಹಂಗೇ.”

“ಗ್ರಾಮಸಭೆಗೆ ನಮ್ಮ ಲೈನಿಂದ ಯಾರೂ ಹೋಗಲ್ವಲ್ಲಕ್ಕ.”

“ಅದಕ್ಕೇ ನಿಮಗೇನೂ ಸಿಕ್ಕಿಲ್ಲ.”

ಹೋಗದಿರುವುದಕ್ಕೆ ಕಾರಣವಿತ್ತು. ಸಭೆ ಕರೆಯುತ್ತಿದ್ದದ್ದು ಕೆಲಸದ ದಿನ, ಬೆಳಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಲೈನಿನವರೆಲ್ಲ ತೋಟದೊಳಗೆ. ಸಭೆಗೆ ಜನ ಸಾಲದೆ ಮುಂದಕ್ಕೆ ಹಾಕುವುದೂ ಮಾಮೂಲಿ. ಹಾಗಾಗಿ ನಾವು ಮೊದಲು ಕೇಳಿದ್ದು ಸ್ಮಶಾನವನ್ನಲ್ಲ. ನಾನು, ಹಿರಿಯಕ್ಕ, ಸಂಘದ ಇನ್ನಷ್ಟು ಹೆಂಗಸರು ಒಟ್ಟಿಗೆ ಹೋಗಿ, ಸಭೆಯನ್ನು ಸಂತೆ ದಿನ ಇಡಿ ಎಂದು ಕೇಳಿದೆವು. ನಮ್ಮ ಕಡೆ ತೋಟಗಳಿಗೆ ವಾರದ ರಜೆ ಸಂತೆಯ ದಿನವೇ.

ಪಿಡಿಒ ನಕ್ಕು, “ಜನ ಬರ್ತಾರೆ ಅಂತಾದ್ರೆ ನಂಗೇನಮ್ಮ, ಇಡೋಣ,” ಎಂದರು. ಅಷ್ಟು ಸುಲಭಕ್ಕೆ ಒಪ್ಪಿಬಿಟ್ಟರಲ್ಲ ಎಂದು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟು ವರ್ಷ ಯಾರೂ ಕೇಳಿರಲೇ ಇಲ್ಲ.

ಮನೆಯಲ್ಲಿ ಮಾತ್ರ ಸುಲಭವಿರಲಿಲ್ಲ. “ನಾವಿರೋದೇ ಅವ್ರ ಲೈನಲ್ಲಿ. ನಾಳೆ ಮನೆ ಖಾಲಿ ಮಾಡಿ ಅಂದ್ರೆ ಎಲ್ಲಿಗ್ ಹೋಗೋದು?” ಎಂದು ಗಂಡ ಮುಖ ಗಂಟಿಕ್ಕಿದರು.

“ತೋಟದ ಜಾಗ ಕೇಳ್ತಿಲ್ವಲ್ಲ ನಾವು. ಸರ್ಕಾರದ್ದು ಕೇಳ್ತಿದೀವಿ.”

“ನಿಂಗೆ ಗೊತ್ತಾಗಲ್ಲ ಸುಮ್ನಿರು.”

ನಾನು ಸುಮ್ಮನಿರಲಿಲ್ಲ. ಸಂಜೆ ಕೆಲಸ ಬಿಡುವ ಹೊತ್ತಿಗೆ ಸುತ್ತಲ ತೋಟಗಳ ಲೈನುಗಳಿಗೆ ಹೋದೆ. ನಮ್ಮ ಕಡೆಯವರು, ತಮಿಳಿನವರು, ಎಲ್ಲರ ಮನೆಯಲ್ಲೂ ಚಹಾ ಕೊಟ್ಟರು. ಎಲ್ಲರ ಮನೆಯಲ್ಲೂ ಇದೇ ಕಥೆ ಇತ್ತು. ಒಬ್ಬ ತಮಿಳು ಅಜ್ಜಿ, “ನಾನ್ ಹುಟ್ಟಿದ್ದೇ ಇಲ್ಲಿ ತಾಯಿ, ತಮಿಳ್ನಾಡಲ್ಲಿ ನಂಗ್ಯಾರು?” ಎಂದು ನನ್ನ ಕೈ ಹಿಡಿದುಕೊಂಡರು.

ಸಂತೆಯ ದಿನ ಸಮುದಾಯ ಭವನದಲ್ಲಿ ಕುರ್ಚಿ ಸಾಲದೆ ಜಮಖಾನ ಹಾಸಿದರು. ಸಂತೆ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡೇ ಲೈನಿನ ಹೆಂಗಸರು ಕೂತಿದ್ದರು. ಮುಂದಿನ ಸಾಲಿನವರು ರಸ್ತೆ, ಚರಂಡಿ, ಆನೆ ಕಂದಕ ಎಂದು ಒಬ್ಬರಾದ ಮೇಲೊಬ್ಬರು ಮಾತಾಡಿದರು. ಹಿರಿಯಕ್ಕ ನನ್ನ ಮೊಣಕೈ ತಿವಿದರು. ಎದ್ದು ನಿಂತೆ. ಮೈಕು ಕೈಗೆ ಬಂತು. ಮನೆಯಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಗಿ, “ನಮ್ಮ ಮಾವ ತೀರ್ಕೊಂಡಾಗ…” ಎಂದಷ್ಟೇ ಹೇಳಿ ಕೂತುಬಿಟ್ಟೆ.

ನನ್ನ ಪಕ್ಕದಲ್ಲಿ ಕೂತಿದ್ದ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು. ಅವರಿಗೆ ಮೈಕು ಬೇಕಾಗಲಿಲ್ಲ.

“ಸ್ವಾಮಿ, ನಂಗೆ ವಯಸ್ಸಾಗದೆ. ಸತ್ರೆ ಹೂಳಾಕೆ ಜಾಗ ಇಲ್ಲ. ನೀವು ಜಾಗ ಮಾಡೋಗಂಟ ನಾನು ತಡ್ಕಂಡಿರ್ಬೇಕು. ಎಷ್ಟ್ ದಿನ ತಡ್ಕಳ್ಳಿ, ಹೇಳಿ.”

ಸಭೆ ಗೊಳ್ಳೆಂದಿತು. ಪಿಡಿಒ ಕೂಡ ನಕ್ಕರು. ಅತ್ತೆ ನಗಲಿಲ್ಲ, ಕೂರಲೂ ಇಲ್ಲ. ಉತ್ತರಕ್ಕೆ ಕಾಯುತ್ತ ನಿಂತೇ ಇದ್ದರು. ನಗು ತಾನಾಗಿ ನಿಂತಿತು. ಆಮೇಲೆ ಹಿಂದಿನಿಂದ ಒಬ್ಬರು, ಪಕ್ಕದಿಂದ ಇನ್ನೊಬ್ಬರು ಎದ್ದು ತಮ್ಮ ಮನೆಯಲ್ಲಾದದ್ದನ್ನು ಹೇಳತೊಡಗಿದರು. ಊರಿನ ಹಿರಿಯರೊಬ್ಬರು, “ಮೇಲುಗಡೆ ಪೈಸಾರಿ ಇದೆಯಲ್ಲ, ಅದನ್ನೇ ಕೊಡಿಸಿ,” ಎಂದರು. ಯಾರ ಹೆಸರಿಗೂ ಇಲ್ಲದ ಸರ್ಕಾರಿ ಜಾಗಕ್ಕೆ ನಮ್ಮಲ್ಲಿ ಪೈಸಾರಿ ಎನ್ನುತ್ತಾರೆ. ಅಲ್ಲೇ ತೀರ್ಮಾನ ಬರೆದುಕೊಂಡರು. ಹಿರಿಯಕ್ಕ, ಬರೆದದ್ದನ್ನು ಓದಿ ಹೇಳದೆ ಯಾರೂ ಏಳುವುದಿಲ್ಲ ಎಂದರು. ಓದಿದರು. ಆಮೇಲೇ ಎಲ್ಲರೂ ಸಂತೆಗೆ ಹೋದದ್ದು.

ತೀರ್ಮಾನವಾದರೆ ಜಾಗ ಸಿಕ್ಕಿತೆಂದೇ ನಾನು ತಿಳಿದಿದ್ದೆ. ಅದು ಆರಂಭ ಮಾತ್ರ. ತಾಲ್ಲೂಕು ಕಚೇರಿಗೆ ಸರದಿಯ ಮೇಲೆ ಹೋಗುವುದೆಂದು ಮಾಡಿಕೊಂಡೆವು. ಒಬ್ಬರ ಕೂಲಿ ಹೋದರೆ ಇನ್ನೊಬ್ಬರದ್ದು ಉಳಿಯಲಿ ಎಂದು. ಯಾರು ಹೋದರೂ ಕೇಳುವ ಮಾತು ಒಂದೇ: ನಮ್ಮ ಸ್ಮಶಾನದ್ದು ಎಲ್ಲಿಗೆ ಬಂತು? ಕೊನೆಕೊನೆಗೆ ಅಲ್ಲಿನ ಗುಮಾಸ್ತರು ನಮ್ಮನ್ನು ಬಾಗಿಲಲ್ಲಿ ಕಂಡ ಕೂಡಲೇ, “ಬನ್ನಿ ಬನ್ನಿ, ಸರ್ವೆಯವರಿಗೆ ಹೋಗಿದೆ,” ಎಂದು ತಾವೇ ಹೇಳುತ್ತಿದ್ದರು.

ಸರ್ವೆಯವರು ಬಂದ ದಿನ ಹೊಸ ತೊಡಕು ಎದ್ದಿತು. ಪೈಸಾರಿಯ ಪಕ್ಕದ ಬೆಳೆಗಾರರು ಜೀಪಿನಲ್ಲಿ ಬಂದು ಇಳಿದರು. “ಇಲ್ಲಿ ಸ್ಮಶಾನ ಆಗೋದಕ್ಕೆ ನಾನು ಬಿಡೋದಿಲ್ಲ. ನಮ್ಮ ತಂದೆ ಕಾಲದಿಂದ ನಾವು ನೋಡ್ಕೊಂಡು ಬಂದ ಜಾಗ ಇದು,” ಎಂದು ಗಟ್ಟಿಯಾಗಿ ಹೇಳಿದರು. ಸರ್ವೆಯವರು ಸಾಮಾನು ಕಟ್ಟಿಕೊಂಡು ಹೊರಟುಹೋದರು. ಅಂದು ನಾನು ಮನೆಗೆ ಬರುತ್ತಲೇ ಅತ್ತೆ ನನ್ನ ಮುಖ ನೋಡಿಯೇ ಒಳಗೆ ಹೋಗಿ ಮಲಗಿದರು.

ಅದೇ ವಾರ ಆ ಬೆಳೆಗಾರರ ಹೆಂಡತಿ ಅಂಗಡಿಗೆ ಬಂದರು. ನನ್ನ ಹಳೆಯ ಗಿರಾಕಿ. ಬಟ್ಟೆಯ ಮಾತು ಮುಗಿದರೂ ಹೊರಡದೆ ನಿಂತರು.

“ನಮ್ಮವರ ಮೇಲೆ ಬೇಜಾರು ಮಾಡ್ಕೋಬೇಡ. ಅವರಿಗೆ ಜಾಗದ್ದಲ್ಲ, ಬಾವಿದು ಚಿಂತೆ. ಸರ್ವೆಗೆ ಬಂದಿದ್ದ ಕಡೆಯಿಂದ ನೀರಿಳಿಯೋದು ನಮ್ಮ ಬಾವಿ ಪಕ್ಕಕ್ಕೇ.”

“ಹಂಗಾದ್ರೆ ಮೇಲ್ತುದೀಲಿ, ರಸ್ತೆ ಆಚೆ ಮಾಡಿದ್ರೆ ಆಗ್ತದಾ ಅಮ್ಮ?”

“ಅಲ್ಲಿ ನೀರು ಆ ಕಡೆಗೆ ಇಳೀತದೆ. ಕೇಳಿ ನೋಡ್ತೀನಿ.”

ಮರುದಿನ ಫೋನ್ ಬಂತು: ಮೇಲ್ತುದಿಯಾದರೆ ತಕರಾರಿಲ್ಲ. ನಾನು ಅಂಗಡಿಯಲ್ಲಿ ಒಬ್ಬಳೇ ಇದ್ದೆ. ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ದುಃಖಕ್ಕಲ್ಲ, ಅಷ್ಟು ದಿನದಿಂದ ಬಿಗಿಹಿಡಿದುಕೊಂಡಿದ್ದದ್ದು ಸಡಿಲಾಯಿತು, ಅಷ್ಟೆ. ನಾವು ಆ ಬೆಳೆಗಾರರ ಮೇಲೆ ದೂರು ಕೊಡಬೇಕೆಂದು ಮಾತಾಡಿಕೊಂಡಿದ್ದೆವು. ಅದರ ಅಗತ್ಯವೇ ಬರಲಿಲ್ಲ.

ಸಂಘದವರೆಲ್ಲ ಹೋಗಿ ತಹಸೀಲ್ದಾರರಿಗೆ ಹೇಳಿದೆವು. ಅವರೇ ಬಂದು ಜಾಗ ನೋಡಿದರು. ಮತ್ತೆ ಸರ್ವೆಯಾಯಿತು. ಆ ಸಲ ಬೆಳೆಗಾರರು ತಾವೇ ಮುಂದೆ ನಿಂತು ಬೇಲಿ ಸರಿಸಿ ದಾರಿ ಬಿಟ್ಟರು. ಚಳಿಗಾಲ ಮುಗಿಯುವ ಹೊತ್ತಿಗೆ ಆದೇಶ ಬಂತು, ನಾಲ್ಕೂ ಮೂಲೆಗೆ ಗಡಿಕಲ್ಲು ನೆಟ್ಟರು.

ಅತ್ತೆ ನೋಡಬೇಕೆಂದರು. ಆಟೋ ಮಾಡಿ ಕರೆದುಕೊಂಡು ಹೋದೆ. ಕಾಫಿ ಹೂವು ಅರಳಿದ ದಿನಗಳು, ದಾರಿಯುದ್ದಕ್ಕೂ ವಾಸನೆ. ಅತ್ತೆ ಇಳಿದು ಸೊಂಟಕ್ಕೆ ಕೈಕೊಟ್ಟು ಸುತ್ತ ನೋಡಿದರು. ಕಾಲಿನಿಂದ ಮಣ್ಣು ಕೆದಕಿದರು. “ಕಲ್ಲಿಲ್ಲ, ಅಗಿಯೋಕೆ ಸಲೀಸು,” ಎಂದರು. ಕೆಳಗಿನ ಮೂಲೆ ತೋರಿಸಿ, “ಇಲ್ಲಿ ಮಳೆ ನೀರು ನಿಲ್ತದೆ, ನನ್ನ ಇಲ್ಲಿ ಹಾಕ್ಬೇಡಿ,” ಎಂದು ಮನೆ ಬಾಡಿಗೆಗೆ ನೋಡಲು ಬಂದವರ ಹಾಗೆ ತಕರಾರು ತೆಗೆದರು. ಮೇಲೆ ಹಲಸಿನ ಮರದ ಕೆಳಗೆ ಸ್ವಲ್ಪ ಹೊತ್ತು ಕೂತು, “ಸಾಕು, ಚೆನ್ನಾಗದೆ. ನಡಿ ಹೋಗಣ, ಹಸಿವಾಗ್ತದೆ,” ಎಂದರು.

ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡರು. ಆಮೇಲೆ ಆ ಪ್ರಶ್ನೆ ಅವರ ಬಾಯಿಂದ ಬಂದಿಲ್ಲ. ಕೆಮ್ಮು ಬಂದರೆ ಕೆಮ್ಮುತ್ತಾರೆ, ಕಷಾಯ ಕೇಳುತ್ತಾರೆ, ಸಂಜೆ ಲೈನಿನ ಹೆಂಗಸರೊಂದಿಗೆ ಜಗಲಿಯಲ್ಲಿ ಕೂತು ಹರಟುತ್ತಾರೆ. ತೋಟದವರೂ ನಮ್ಮನ್ನು ಒಂದು ಮಾತು ಕೇಳಲಿಲ್ಲ. ತಲೆನೋವು ತಪ್ಪಿತೆಂದು ಮ್ಯಾನೇಜರಿಗೂ ಸಮಾಧಾನವೇ ಆಗಿತ್ತೆಂದು ರೈಟರ್ ಹೇಳಿದರು.

ಅಲ್ಲಿ ಮೊದಲು ಮಣ್ಣಾದವರು ಆಚೆ ತೋಟದ ಲೈನಿನ ಒಬ್ಬ ಮುದುಕರು. ಸುದ್ದಿ ಬಂದ ಕೂಡಲೇ ನನ್ನ ಗಂಡ ಹಾರೆ ತೆಗೆದುಕೊಂಡು ಹೊರಟರು. ಯಾರನ್ನೂ ಕೇಳಬೇಕಾಗಲಿಲ್ಲ, ಯಾರ ಮುಖವನ್ನೂ ನೋಡಬೇಕಾಗಲಿಲ್ಲ. ಆ ಮನೆಯವರು ಸಮಾಧಾನವಾಗಿ ಅತ್ತರು; ಅಳುವುದೊಂದು ಬಿಟ್ಟು ಅವರಿಗೆ ಬೇರೆ ಚಿಂತೆ ಇರಲಿಲ್ಲ.

ಮಣ್ಣು ಮುಗಿಸಿ ಬಂದು ಸ್ನಾನ ಮಾಡಿ ತಲೆ ಒರೆಸಿಕೊಳ್ಳುತ್ತ ಇವರು ಕೇಳಿದರು, “ಮುಂದಿನ ಗ್ರಾಮಸಭೆ ಯಾವಾಗ?”

“ಯಾಕೆ? ನಿಮಗೇನು ಅಲ್ಲಿ?”

“ಆ ದಾರೀಲಿ ಒಂದು ಮೋರಿ ಹಾಕಿಸ್ಬೇಕು. ಮಳೆಗಾಲದಲ್ಲಿ ಹೊತ್ಕೊಂಡು ದಾಟೋದು ಕಷ್ಟ. ನಾನೇ ಬಂದು ಹೇಳ್ತೀನಿ.”

ಒಳಗಿನಿಂದ ಅತ್ತೆಯ ದನಿ ಬಂತು. “ಹೇಳ್ ಮಗ. ಆದ್ರೆ ನನ್ನ ನೆವ ಮಾಡ್ಕಂಡು ಅವಸರ ಮಾಡ್ಬೇಡ. ನಂಗೇನೂ ಅವಸರ ಇಲ್ಲ.”

ಸಾವಿನ ಮನೆಯಿಂದ ಬಂದ ದಿನ ನಗಬಾರದು. ನಾವಿಬ್ಬರೂ ಬಾಗಿಲಲ್ಲಿ ನಿಂತು ನಕ್ಕೆವು.