ಒಂಬತ್ತನೇ ಅಧ್ಯಾಯದಲ್ಲಿ ಸತ್ತ ಡ್ರಮ್ಮರ್

ಸ್ನೇಹಿತರೇ, ನಾನಿನ್ನೂ ಬದುಕಿದ್ದೇನೆ. ಇವತ್ತು ವಡೋದರಾದ ನನ್ನ ಉಡುಪಿ ಹೋಟೆಲಿನಲ್ಲಿ ಅದನ್ನೂ ಸಾಬೀತು ಮಾಡಬೇಕಾಯಿತು.

ನಮ್ಮ ಹಳೆಯ ರಾಕ್ ಬ್ಯಾಂಡಿನ ಮೇಲೆ ಯಾರೋ ಕಾದಂಬರಿ ಬರೆದಿದ್ದಾರೆ. ಓದಿದವರೆಲ್ಲ ಈಗ ನಮ್ಮ ಹಾಡುಗಳನ್ನು ಹುಡುಕಿ ಕೇಳುತ್ತಿದ್ದಾರೆ. ದೋಸೆ ಕೌಂಟರಿನ ಎದುರು ನಿಂತಿದ್ದ ಬ್ಯಾಂಕ್ ಮ್ಯಾನೇಜರರ ಮಗಳ ಮೊಬೈಲಿನಲ್ಲೂ ನಮ್ಮದೇ ಹಾಡು!

“ಇದರಲ್ಲಿ ಡ್ರಮ್ಸ್ ಬಾರಿಸಿದ್ದು ನಾನೇ ಮಾರಾಯ್ತಿ,” ಎಂದೆ.

“ಸುಳ್ಳು ಹೇಳ್ಬೇಡಿ ಅಂಕಲ್! ಡ್ರಮ್ಮರ್ ಒಂಬತ್ತನೇ ಚಾಪ್ಟರ್‌ನಲ್ಲೇ ಸತ್ತೋದ. ನಾನು ಎಷ್ಟು ಅತ್ತೆ ಗೊತ್ತಾ?”

ಮೈ ಉರಿಯಿತು. ಎರಡು ಸಟ್ಟುಗ ಹಿಡಿದು ಕಾವಲಿಯ ಮೇಲೆ ಅದೇ ತಾಳ ಬಾರಿಸಿದೆ. ನಮ್ಮಲ್ಲಿ ದೋಸೆ ಆದಾಗ ಕಾವಲಿ ತಟ್ಟಿ ಕರೆಯುವುದು ರೂಢಿ. ಇಡೀ ಹೋಟೆಲು ಟೋಕನ್ ಹಿಡಿದು ಎದ್ದು ನಿಂತಿತು.

ಬ್ಯಾಂಡ್ ಇದ್ದಾಗ ನನ್ನ ಡ್ರಮ್ಸಿಗೆ ಒಬ್ಬರೂ ಎದ್ದು ನಿಂತಿರಲಿಲ್ಲ. ಅದಕ್ಕೂ ಸಾಯಬೇಕಾಯಿತು ನೋಡಿ.