ನೂಲಿನ ತಕ್ಕಡಿಯಲ್ಲಿ ನಾಯಿ

ನೂಲು ತೂಗುವ ತಕ್ಕಡಿಯಲ್ಲಿ ನಾನು ನಾಯಿಯನ್ನು ತೂಗಿದೆ. ಹೌದು, ತೂಗಿದೆ. ಒಂದು ಸಲವಲ್ಲ, ಪ್ರತಿ ಸೋಮವಾರ ತೂಗಿದೆ. ನಮ್ಮ ಓಣಿಯಲ್ಲಿ ಇದನ್ನು ಹೇಳಿಕೊಂಡು ಇವತ್ತಿಗೂ ನಗುತ್ತಾರೆ. ನಗಲಿ. ಅವರ ಹಲ್ಲು, ಅವರ ಬಾಯಿ.

ಇಳಕಲ್ಲಿನ ನಮ್ಮಂಥ ನೇಕಾರರ ಮನೆಯಲ್ಲಿ ಆ ತಕ್ಕಡಿಗೆ ದೊಡ್ಡ ಮರ್ಯಾದೆ. ತೊಲೆಗೆ ನೇತುಹಾಕಿದ, ಕೆಳಗೆ ಕೊಕ್ಕೆ ಇರುವ ತಕ್ಕಡಿ ಅದು. ಹೊರಗಿನಿಂದ ಬಂದ ನೂಲು ಮೊದಲು ಅದಕ್ಕೆ ತೂಗಿ ಆಮೇಲೆ ಒಳಗೆ ಬರಬೇಕು. ಎಂಬತ್ತರ ಅಂಚಿನ ನನ್ನ ಅತ್ತೆ ಅದಕ್ಕೆ ಭುಜ ತಾಗಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು. "ಮನಷ್ಯಾ ಸುಳ್ಳ ಹೇಳ್ತಾನ, ತಕ್ಕಡಿ ಹೇಳಾಂಗಿಲ್ಲ" ಎಂಬುದು ಅವರ ಮಾತು. ಅಂಥ ತಕ್ಕಡಿಯ ಕೊಕ್ಕೆಗೆ ನಾನು ಹಳೆಯ ಸೀರೆಯ ಜೋಳಿಗೆ ಕಟ್ಟಿ, ಅದರೊಳಗೆ ನಾಯಿಯನ್ನು ಕೂರಿಸಿದ್ದನ್ನು ನೋಡಿ ಅವರು ಮೂರನೆಯ ವಾರವೂ ಎದೆ ಎದೆ ಬಡಿದುಕೊಂಡರು.

"ಅಯ್ಯಯ್ಯ ಶಿವನ! ನೂಲ ತೂಗೂದ್ರಾಗ ನಾಯಿ!"

"ತೊಳದ ಇಡ್ತೇನ್ರಿ ಅತ್ತಿ."

"ಏನ ತೊಳೀತಿ, ನನ್ನ ತಲಿ?"

ಅತ್ತೆ ಬೈಯುತ್ತಿದ್ದರು, ನಾನು ಮುಳ್ಳು ನೋಡುತ್ತಿದ್ದೆ. ಎಂಟು ಕಿಲೋ. ಹಿಂದಿನ ಸೋಮವಾರ ಎಂಟೂವರೆ ಇತ್ತು. ಅದರ ಹಿಂದಿನ ವಾರ ಒಂಬತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರದ ಮನೆಯೊಳಗೆ ಪೆನ್ಸಿಲ್ಲಿನಿಂದ ಎಂಟು ಎಂದು ಬರೆದೆ.

ನಾಯಿ ನಮ್ಮ ಮನೆಗೆ ಯಾರೂ ಕರೆದು ಬಂದದ್ದಲ್ಲ. ಒಂದು ಮುಂಜಾನೆ ನೇಯಲು ಕೂತು ಕುಣಿಮಗ್ಗದ ಕೆಳಗಿನ ಕುಣಿಗೆ ಕಾಲು ಇಳಿಬಿಟ್ಟಾಗ ಅಂಗಾಲಿಗೆ ಬೆಚ್ಚಗೆ ಏನೋ ತಾಗಿತು. ಹಾವೆಂದು ಹೌಹಾರಿ ಬಗ್ಗಿ ನೋಡಿದರೆ ಒಂದು ಕಿವಿ ಮಡಿಚಿದ ಕೆಂಚು ಹೆಣ್ಣುಮರಿ, ಮುದ್ದೆಯಾಗಿ ಮಲಗಿದೆ. ಎಬ್ಬಿಸಿ ಓಡಿಸಿದೆ. ಮಧ್ಯಾಹ್ನ ಮತ್ತೆ ಅಲ್ಲೇ ಇತ್ತು. ಮೂವತ್ತು ವರ್ಷ ಆ ಕುಣಿಯಲ್ಲಿ ಕಾಲಾಡಿಸಿದವಳು ನಾನು. ಚಳಿಗಾಲದಲ್ಲಿ ಅಲ್ಲಿ ಕಾಲು ಮರಗಟ್ಟುತ್ತವೆ. ಅಷ್ಟು ವರ್ಷಗಳಲ್ಲಿ ಒಂದು ಜೀವ ನನ್ನ ಕಾಲಿಗೆ ಒತ್ತಿಕೊಂಡು ಬೆಚ್ಚಗೆ ಮಾಡಿದ್ದು ಅದೇ ಮೊದಲು. ಸಂಜೆಯ ಹೊತ್ತಿಗೆ ಅದಕ್ಕೊಂದು ಬಟ್ಟಲು ಇಟ್ಟಿದ್ದೆ.

"ಹೆಸರ ಮಾತ್ರ ಇಡಬ್ಯಾಡ. ಹೆಸರಿಟ್ರ ಉಳೀತೈತಿ" ಎಂದರು ಅತ್ತೆ. ನಾನು ಇಡಲಿಲ್ಲ. ಹೆಸರಿಲ್ಲದೆಯೂ ಅದು ಉಳಿಯಿತು.

ಹತ್ತು ತಿಂಗಳು ತುಂಬುವ ಹೊತ್ತಿಗೆ ಸೊರಗತೊಡಗಿತು. ರೊಟ್ಟಿ ಹಾಲು ಹಾಕಿದರೆ ತಿನ್ನುತ್ತಿತ್ತು, ಆದರೆ ಎರಡು ದಿನಕ್ಕೊಮ್ಮೆ ವಾಂತಿ. ಆಡುವ ವಯಸ್ಸು ಅದರದ್ದು, ಆಡುತ್ತಿರಲಿಲ್ಲ. ಪಕ್ಕೆಯ ಎಲುಬು ಒಂದೊಂದಾಗಿ ಎಣಿಸುವ ಹಾಗಾದವು. ಓಣಿಯಲ್ಲಿ ಆಗ ಎಲ್ಲರೂ ಡಾಕ್ಟರಾದರು. ದೃಷ್ಟಿಯಾಗಿದೆ ಎಂದರು, ಉಷ್ಣ ಎಂದರು, ಜಂತು ಎಂದರು. ಎದುರು ಮನೆಯಾಕೆ ದಿನಾ ನೀರು ತರಲು ಹೋಗುವಾಗ ನಮ್ಮ ಬಾಗಿಲಲ್ಲಿ ನಿಂತು, "ಇನ್ನೂ ಐತೇನವ್ವ ನಿಮ್ಮ ನಾಯಿ?" ಎಂದು ಕೇಳುವಳು. ಆ 'ಇನ್ನೂ' ಎಂಬ ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ದನದ ಡಾಕ್ಟರ ಹತ್ತಿರ ಒಯ್ದೆ. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ, ಬಹಳ ಸೌಮ್ಯವಾದ ಹುಡುಗ. ಕಣ್ಣು ನೋಡಿದ, ವಸಡು ನೋಡಿದ, ಹೊಟ್ಟೆ ಒತ್ತಿದ.

"ಏನು ತಿನ್ನುತ್ತಮ್ಮಾ?"

"ರೊಟ್ಟಿ ತಿಂತೈತ್ರಿ. ಆದ್ರ ಗಂಜಿ ಅಂದ್ರ ಜೀವಾ ಬಿಡ್ತೈತ್ರಿ ಸಾಹೇಬ್ರ. ಎಲ್ಲಿದ್ರೂ ಹುಡಿಕ್ಯಾಡಿ ನೆಕ್ಕತೈತಿ."

"ಗಂಜಿ ಒಳ್ಳೇದೇ ಅಲ್ವಾ? ಹೊಟ್ಟೆಗೆ ಹಗುರ. ಬೇಕಾದಷ್ಟು ತಿನ್ನಲಿ, ತಡೀಬೇಡಿ."

ಜಂತಿನ ಗುಳಿಗೆ ಬರೆದುಕೊಟ್ಟ. ನಾನು ಕೈ ಮುಗಿದು, ಗೆದ್ದವಳ ಹಾಗೆ ಮನೆಗೆ ಬಂದೆ.

ನೇಕಾರರ ಮನೆಯಲ್ಲಿ ಗಂಜಿ ಎಂದರೆ ಉಣ್ಣುವುದಲ್ಲ. ಮಗ್ಗಕ್ಕೆ ಏರಿಸುವ ಹಾಸಿನ ನೂಲು, ಅಂದರೆ ಉದ್ದೆಳೆ, ಗಟ್ಟಿಯಾಗಲೆಂದು ಹಚ್ಚುತ್ತೇವಲ್ಲ, ಅದು ಗಂಜಿ. ಹಿಟ್ಟು ಕುದಿಸಿ, ಒಂದಿಷ್ಟು ಎಣ್ಣೆ ಬಿಟ್ಟು ಮಾಡುವ ಅಂಟು. ಹುಟ್ಟಿದಾಗಿನಿಂದ ಅದರ ವಾಸನೆಯಲ್ಲೇ ಬೆಳೆದವಳಿಗೆ ಆ ಮಾತಿಗೆ ಇನ್ನೊಂದು ಅರ್ಥವಿದೆ ಎಂಬುದೇ ಆ ಹೊತ್ತಿಗೆ ತಲೆಗೆ ಬರಲಿಲ್ಲ. ಆ ಡಾಕ್ಟರ್ ಹುಡುಗ ಜ್ವರ ಬಂದವರು ಕುಡಿಯುವ ಗಂಜಿ ಎಂದುಕೊಂಡ. ನಾನು ನೂಲಿನ ಗಂಜಿ ಎಂದುಕೊಂಡೆ. ಇಬ್ಬರೂ ಕನ್ನಡದಲ್ಲೇ ಮಾತಾಡಿದ್ದೆವು.

ಅಲ್ಲಿಯವರೆಗೆ ನಾಯಿ ಗಂಜಿ ಹಚ್ಚಿದ ನೂಲಿಗೆ ಬಾಯಿ ಹಾಕಿದರೆ "ಹಚಾ!" ಎಂದು ಗದರಿಸುತ್ತಿದ್ದೆ. ಆಮೇಲೆ ಬಿಟ್ಟೆ. ಅತ್ತೆ ಗದರಿಸಲು ಹೋದರೆ ಅವರನ್ನೇ ತಡೆದೆ. "ಡಾಕ್ಟರ ಹೇಳ್ಯಾರ್ರಿ, ನೆಕ್ಲಿ ಬಿಡ್ರಿ" ಎಂದೆ. ಇದನ್ನು ಬರೆಯುವಾಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಮೂರು ವಾರದಲ್ಲಿ ಮುಳ್ಳು ಆರೂವರೆಗೆ ಇಳಿಯಿತು.

ಆಗ ಮೈದುನ ಬಾಯಿ ತೆರೆದ. ಅವನು ಪವರ್‌ಲೂಮ್ ನಡೆಸುತ್ತಾನೆ, ಪಕ್ಕದ ಮನೆಯಲ್ಲೇ ಇದ್ದಾನೆ. ಕೆಟ್ಟವನೇನಲ್ಲ, ಆದರೆ ಯಾವುದನ್ನಾದರೂ ಮುಗಿಸಿಬಿಡುವ ಅವಸರ ಅವನಿಗೆ.

"ವೈನೀ, ನೋಡಾಕ ಆಗವಲ್ದು. ನಾಳಿ ಮುಂಜಾನೆ ಗುಡೂರ ಕಡೆ ಹೊಂಟೇನಿ. ಹಾದ್ಯಾಗ ಯಾವ್ದರ ಹೊಲದಾಗ ಬಿಟ್ಟ ಬರ್ತೇನಿ. ಅದರ ಹಣಿಬಾರ ಇದ್ದಾಂಗ ಆಗ್ಲಿ."

"ಹೌದಪಾ, ಒಯ್ದ ಬಿಡು" ಎಂದರು ಅತ್ತೆ. "ಸಾಯೋ ಜೀವ ಮನಿಯಾಗ ಸಾಯಬಾರ್ದು. ಮಗ್ಗದ ಕುಣ್ಯಾಗಂತೂ ಸಾಯಬಾರ್ದು."

ನನ್ನ ಗಂಡ ಜಗಳದ ವಾಸನೆ ಬಂದರೆ ಚಪ್ಪಲಿ ಮೆಟ್ಟುವ ಮನುಷ್ಯ. ಅಷ್ಟೊತ್ತಿಗೆ ಅಂಗಳ ದಾಟಿದ್ದರು.

ನಾನು ಮಗ್ಗದಿಂದ ಎದ್ದೆ. "ಯಾರು ಸಾಯೋರು? ಯಾರ ಸಾಯ್ತಾರಂತ ನಿಮಗ ಯಾರ ಹೇಳಿದ್ರು?" ಎಂದೆ. ದನಿ ನನಗೇ ಹೊಸದಾಗಿ ಕೇಳಿಸಿತು. "ನಾಳಿ ಈ ನಾಯಿ ಗಾಡಿ ಏರೂದು ಖರೆ. ಆದ್ರ ನಿನ್ನ ಗಾಡಿ ಅಲ್ಲಪಾ, ಸರ್ಕಾರಿ ಬಸ್ಸು."

ಮರುದಿನ ಮುಂಜಾನೆ ನಾಯಿಯನ್ನು ಅದೇ ಜೋಳಿಗೆ ಸೀರೆಯಲ್ಲಿ ಸುತ್ತಿ, ಕೂಸಿನ ಹಾಗೆ ಕಂಕುಳಲ್ಲಿ ಎತ್ತಿಕೊಂಡು ಬಾಗಲಕೋಟೆಯ ಬಸ್ಸು ಹತ್ತಿದೆ. ಹುನಗುಂದ ದಾಟುವವರೆಗೆ ಕಂಡಕ್ಟರ್ ಅದನ್ನು ಕೂಸೆಂದೇ ತಿಳಿದಿದ್ದ. ಆಮೇಲೆ ಕೂಸು ಸೀರೆಯೊಳಗಿಂದ ಮೂತಿ ಹೊರಗೆ ಹಾಕಿತು.

"ಏನವ್ವಾ ಇದು! ನಾಯಿ ಬಿಡಾಂಗಿಲ್ಲ ನಾವು!"

"ಕೋಳಿ ಬಿಡ್ತೀರಿ, ಹೋತಿನ ಮರಿ ಬಿಡ್ತೀರಿ. ಇದೇನ ಪಾಪ ಮಾಡೈತ್ರಿ?"

"ಟಿಕೀಟಾಗ್ತೈತಿ ಹಂಗಾದ್ರ."

"ಹೆಣ್ಮಕ್ಕಳಿಗೆ ಪುಕ್ಕಟ ಅಲ್ಲೇನ್ರಿ? ಇದೂ ಹೆಣ್ಣ ಐತಿ, ನೋಡ್ರಿ ಬೇಕಾದ್ರ."

ಇಡೀ ಬಸ್ಸು ಗೊಳ್ಳೆಂದಿತು. ಕಂಡಕ್ಟರೂ ನಗು ತಡೆಯಲಾರದೆ ಟಿಕೆಟ್ ಹರಿದು ನನ್ನ ಕೈಗಿಟ್ಟ. ನಾನು ಪುಕ್ಕಟೆ, ನಾಯಿಗೆ ಟಿಕೆಟ್. ನಮ್ಮಿಬ್ಬರಲ್ಲಿ ಮರ್ಯಾದೆಯ ಪ್ರಯಾಣಿಕಳು ಅದೇ ಎಂದುಕೊಂಡೆ. ನಕ್ಕೆ, ನಗುತ್ತಲೇ ಕಣ್ಣೀರು ಬಂತು. ತೊಡೆಯ ಮೇಲೆ ಅದರ ಭಾರವೇ ಇರಲಿಲ್ಲ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನನ್ನ ತಂಗಿಯ ಮನೆ. ಅವಳೇ ನಾಯಿ ಬೆಕ್ಕು ನೋಡುವ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ನಲವತ್ತರ ಹೆಂಗಸು, ನಮ್ಮ ಕಡೆಯವರೇ, ಮಾತು ಬಿರುಸು. ನಾನು ಹಳೆಯ ಪಾಠವನ್ನೇ ಒಪ್ಪಿಸಿದೆ: ರೊಟ್ಟಿ ತಿನ್ನುತ್ತದೆ, ವಾಂತಿ ಮಾಡುತ್ತದೆ, ಜಂತಿನ ಗುಳಿಗೆ ಆಯಿತು, ಗಂಜಿ ಅಂದರೆ ಜೀವ.

ಅವರು ಬರೆಯುವುದನ್ನು ನಿಲ್ಲಿಸಿದರು.

"ಇಳಕಲ್ಲ ಅಂದ್ರಲ್ಲ. ಮನ್ಯಾಗ ಮಗ್ಗ ಐತೇನ್ರಿ?"

"ಐತ್ರಿ."

"ಯಾವ ಗಂಜಿರಿ ಅಕ್ಕಾರ? ಉಣ್ಣೂ ಗಂಜಿನೋ, ನೂಲಿಗೆ ಹಚ್ಚೂ ಗಂಜಿನೋ?"

ಕಣ್ಣೆದುರಿಗೆ ಬಂದದ್ದು ಮಗ್ಗದ ಕುಣಿ. ಸೀರೆಯ ಮೈಯ ಹಾಸಿನ ನೂಲಿಗೆ ಸೆರಗಿನ ಹಾಸಿನ ನೂಲನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತೇವೆ. ಆಗ ಉಳಿಯುವ ತುಂಡು ಎಳೆಗಳನ್ನು ನಾನು ಕೆಳಗೆ ಕುಣಿಗೆ ಉದುರಿಸುತ್ತಿದ್ದೆ. ಮೂವತ್ತು ವರ್ಷದಿಂದ ಉದುರಿಸಿದ್ದೇನೆ, ನಮ್ಮತ್ತೆ ಅದಕ್ಕೂ ಮೊದಲಿನಿಂದ ಉದುರಿಸಿದ್ದಾರೆ, ವಾರಕ್ಕೊಮ್ಮೆ ಗುಡಿಸುತ್ತೇವೆ. ಆದರೆ ಇತ್ತೀಚೆಗೆ ಗುಡಿಸಲು ಹೋದರೆ ಕುಣಿಯಲ್ಲಿ ಏನೂ ಇರುತ್ತಿರಲಿಲ್ಲ. ಎಷ್ಟು ಸ್ವಚ್ಛ ಎಂದು ನಾನು ಖುಷಿಪಟ್ಟಿದ್ದೆ.

"ನೂಲಿನ ಗಂಜಿರಿ" ಎಂದೆ.

ಹೊಟ್ಟೆಯ ಚಿತ್ರ ತೆಗೆದರು. ಜಠರದಲ್ಲಿ ಒಂದು ಗಡ್ಡೆ ಕಾಣಿಸಿತು. ಕೊಯ್ಯಬೇಕು, ಇಷ್ಟು ಸೊರಗಿದ ಮೈ ತಡೆಯುತ್ತದೋ ಇಲ್ಲವೋ ಹೇಳಲಾಗದು, ಬಿಟ್ಟರೆ ಮಾತ್ರ ಖಂಡಿತ ಉಳಿಯುವುದಿಲ್ಲ ಎಂದರು. ಕಾಗದಕ್ಕೆ ಸಹಿ ಕೇಳಿದರು. ಮನೆಯಲ್ಲಿ ಕೇಳಿ ಹೇಳುತ್ತೀರಾ ಎಂದರು. "ಮನ್ಯಾಗ ಕೇಳೂದೇನೂ ಇಲ್ರಿ" ಎಂದು ಸಹಿ ಹಾಕಿದೆ.

ಹೊರಗೆ ಬೆಂಚಿನ ಮೇಲೆ ಎರಡು ತಾಸು ಕೂತೆ. ತಂಗಿ ಚಹಾ ತಂದರೆ ಬೇಡವೆಂದೆ. ಯಾವ ದೇವರಿಗೂ ಹರಕೆ ಹೊರಲಿಲ್ಲ. ಕೈಯಾರೆ ಹಾಕಿದ್ದನ್ನು ದೇವರ ಮೇಲೆ ಹಾಕಲು ನಾಚಿಕೆಯಾಯಿತು. ಸತ್ತರೆ ನಾನೇ ಕೊಂದಂತೆ, ಅಷ್ಟೇ ಗೊತ್ತಿತ್ತು.

ಡಾಕ್ಟರಮ್ಮ ಹೊರಗೆ ಬಂದು ಮೊದಲು "ಜೀವ ಐತ್ರಿ" ಎಂದರು. ಆಮೇಲೆ ಸ್ಟೀಲಿನ ತಟ್ಟೆ ತೋರಿಸಿದರು. ನಿಂಬೆಹಣ್ಣಿಗಿಂತ ದೊಡ್ಡದಾದ, ಕಪ್ಪುಗಟ್ಟಿದ ಉಂಡೆ. ಇಕ್ಕಳದಿಂದ ಒಂದು ಕೊನೆ ಎಳೆದರು. ಒಳಗಿಂದ ದಾಳಿಂಬೆ ಬಣ್ಣ ಬಂತು, ಹಸಿರು ಬಂತು, ಬಿಳಿ ಬಂತು. ಯಾವ ಎಳೆ ಯಾವ ಸೀರೆಯದು ಎಂದು ನಾನು ಹೇಳಬಲ್ಲವಳಾಗಿದ್ದೆ. ಆ ಸೀರೆಗಳನ್ನೆಲ್ಲ ಯಾರೋ ಉಟ್ಟು ಮದುವೆಗಳಲ್ಲಿ ಓಡಾಡುತ್ತಿದ್ದರು.

"ಇನ್ನ ಎಂಟ ದಿನ ಬರೇ ಗಂಜಿ ಕೊಡ್ರಿ" ಎಂದು ಹೇಳಿ, ನನ್ನ ಮುಖ ನೋಡಿ ಜೋರಾಗಿ ನಕ್ಕರು. "ಉಣ್ಣೂ ಗಂಜಿರಿ ಅಕ್ಕಾರ, ಉಣ್ಣೂದು!"

ಐದನೇ ದಿನ ಮನೆಗೆ ಬಂದೆವು. ಉಂಡೆಯನ್ನು ತೊಳೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದಿದ್ದೆ. ಅತ್ತೆಯ ಎದುರಿಗೆ ಬಿಚ್ಚಿದೆ. "ನೋಡ್ರಿ, ದೃಷ್ಟಿ ಅಂದ್ರಲ್ಲ. ಇಲ್ಲೈತಿ ನೋಡ್ರಿ ದೃಷ್ಟಿ. ನಾನ ಹಾಕಿದ್ದು." ಮೈದುನನೂ ಅಲ್ಲಿದ್ದ. ಅವನು ತಲೆ ಕೆರೆದುಕೊಂಡು, "ಹೊಲದಾಗ ಬಿಟ್ಟಿದ್ರ..." ಎಂದು ಅರ್ಧಕ್ಕೆ ನಿಲ್ಲಿಸಿದ. ಅತ್ತೆ ಕನ್ನಡಕ ಸರಿಮಾಡಿಕೊಂಡು ಒಂದು ಎಳೆಯನ್ನು ಉಗುರಿನಿಂದ ಬಿಡಿಸಿದರು. ಬಹಳ ಹೊತ್ತು ನೋಡಿದರು.

"ನಾ ಮಾಡಿದ ಗಂಜಿ ಇದು" ಎಂದರು.

ಮರುದಿನ ಮಗ್ಗಕ್ಕೆ ಕೂರಲು ಹೋದಾಗ ನಾನು ಕೂರುವ ಹಲಗೆಯ ಪಕ್ಕದಲ್ಲಿ ಒಂದು ಬಟ್ಟೆಯ ಚೀಲ ತೂಗುತ್ತಿತ್ತು, ತುಂಡು ಎಳೆ ಹಾಕಲು. ಹೊಲಿಗೆ ವಕ್ರವಾಗಿತ್ತು. ಎಂಬತ್ತರ ಕಣ್ಣಿನ ಹೊಲಿಗೆ ಹಾಗೇ ಇರುತ್ತದೆ.

ಮೈ ತುಂಬುವುದು ಮಾತ್ರ ಅಷ್ಟು ಬೇಗ ಆಗಲಿಲ್ಲ. ಮೊದಲ ಸೋಮವಾರ ಆರೂವರೆ. ಎರಡನೆಯದೂ ಆರೂವರೆ. ನನಗೆ ಅನ್ನ ಇಳಿಯಲಿಲ್ಲ. ಮೂರನೆಯದಕ್ಕೆ ಏಳು ಬಂತು. ಹಾಗೇ ಇಷ್ಟಿಷ್ಟೇ ಏರಿ, ಎರಡು ತಿಂಗಳಾದ ಮೇಲೆ ಒಂದು ಸೋಮವಾರ ತೂಗುವಾಗ ಎದುರು ಮನೆಯಾಕೆ ಕೊಡ ಹಿಡಿದು ಬಾಗಿಲಲ್ಲಿ ನಿಂತಳು.

"ಇನ್ನೂ ಐತೇನವ್ವ ನಿಮ್ಮ ನಾಯಿ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿಂದ ಅತ್ತೆಯ ದನಿ ಬಂತು. "ಯಾಕವ್ವಾ, ನಿಮ್ಮ ಮನಿ ರೊಟ್ಟಿ ತಿಂದೈತೇನು?" ಕೋಲೂರಿಕೊಂಡು ತಕ್ಕಡಿಯ ಹತ್ತಿರ ಬಂದರು. ಜೋಳಿಗೆಯಿಂದ ನಾಯಿ ಅವರ ಕೈ ನೆಕ್ಕಿತು. ಅವರು ಕೈ ಹಿಂದೆ ತೆಗೆಯಲಿಲ್ಲ.

"ಎಷ್ಟೈತಿ?"

"ಎಂಟೂಮುಕ್ಕಾಲ್ರಿ ಅತ್ತಿ."

"ಎಂಟೂಮುಕ್ಕಾಲ ಹ್ಯಾಂಗಾದೀತು? ಕಣ್ಣಿಗೆ ಕಾಣಾಂಗಿಲ್ಲೇನ ನಿನಗ, ಹ್ಯಾಂಗ ಮೈ ತುಂಬೈತಿ? ತಕ್ಕಡಿ ಸುಳ್ಳ ಹೇಳಾಕತ್ತೈತಿ. ಒಂಬತ್ತ ಬರಿ."

ಎದುರು ಮನೆಯಾಕೆ ನೋಡುತ್ತಲೇ ಇದ್ದಳು. ನಾನು ಪೆನ್ಸಿಲ್ ತೆಗೆದುಕೊಂಡು ಕ್ಯಾಲೆಂಡರಿನ ಮನೆ ತುಂಬ ದೊಡ್ಡದಾಗಿ ಒಂಬತ್ತು ಎಂದು ಬರೆದೆ.