ಟ್ರಯಲ್ ದೊಡ್ಡಪ್ಪ

ಊರೂರಿಗೆ ಹಂಚಿಹೋಗಿ ಮನೆಯಿಂದಲೇ ಪುಸ್ತಕ ತಯಾರಿಸುವ ತಂಡ ಯಾವ ಆ್ಯಪ್‌ನಲ್ಲಿ ಮಾತಾಡಿಕೊಳ್ಳಬೇಕೆಂದು ತೀರ್ಮಾನಿಸುವುದು ಅದರ ಮೇಲ್ವಿಚಾರಕರ ಕೆಲಸ. ಯಾವುದನ್ನೂ ಪುಕ್ಕಟೆ ಟ್ರಯಲ್ ಮುಗಿಯುವವರೆಗೂ ಇಟ್ಟುಕೊಳ್ಳದ ಅವರನ್ನು ಎಲ್ಲರೂ ಟ್ರಯಲ್ ದೊಡ್ಡಪ್ಪ ಎನ್ನುತ್ತಾರೆ. ಮೊಸರಲ್ಲಿ ಕಲ್ಲು ಹುಡುಕುವ ಅವರಿಗೆ ಒಂದು ಆ್ಯಪ್ ಆಮೆ, ಇನ್ನೊಂದು ಬಾಯಿಬಡುಕ. "ಈ ವಾರ ಯಾವ ಮನೆಗೆ ಗಂಟುಮೂಟೆ ಸಾಗಿಸ್ಬೇಕು ದೊಡ್ಡಪ್ಪಾ?" ಎಂದು ಚಿತ್ರ ಬರೆಯುವ ಹುಡುಗಿ ಕಾಲೆಳೆದರೆ, "ಇರಮ್ಮ, ಇನ್ನೊಂದ್ ನೋಡ್ತೀನಿ" ಎನ್ನುತ್ತಾರೆ. ಊಟದ ಮೇಜಿನ ಮೇಲೆ ಎರಡು ಫೋನಿಟ್ಟುಕೊಂಡು ತಮಗೆ ತಾವೇ "ಹೇಗಿದ್ದೀರಿ?" ಎಂದು ಕಳಿಸಿ ಪರೀಕ್ಷಿಸುವಾಗ, "ನನ್ನನ್ನೂ ಒಂದ್ಸಲ ಕೇಳಿ, ಬಾಯಲ್ಲೇ ಹೇಳ್ತೀನಿ" ಎಂದು ಹೆಂಡತಿ ಗೊಣಗುತ್ತಾಳೆ. ಅವರು ಹುಡುಕುವುದೇನೆಂದು ಅವಳಿಗೆ ಗೊತ್ತು. ಹೋದ ವರ್ಷ, ಮನೆಯಲ್ಲಿ ಒಂಟಿಯಾಗಿದ್ದ, ತಂಡದ ಕರಡು ತಿದ್ದುವವರು, "ಎದೆ ಯಾಕೋ ಹಿಡ್ಕೊಂಡ ಹಾಗಿದೆ, ಇವತ್ತು ಸ್ವಲ್ಪ ತಡ ಆಗುತ್ತೆ" ಎಂದು ಗುಂಪಿಗೆ ಬರೆದಿದ್ದರು. ರೂಢಿಯಂತೆ ಎಲ್ಲರೂ ಅದರ ಕೆಳಗೆ 'ಸರಿ' ಎನ್ನುವ ಹೆಬ್ಬೆರಳಿನ ಚಿತ್ರ ಒತ್ತಿದರು. ಮೊದಲು ಒತ್ತಿದವರು ದೊಡ್ಡಪ್ಪ. ಸಂಜೆ ನೆರೆಯವರು ಬಾಗಿಲು ಒಡೆದಾಗ ಒಳಗೆ ಉಸಿರು ನಿಂತು ಬಹಳ ಹೊತ್ತಾಗಿತ್ತು. ಅಂದಿನಿಂದ, ಹೆಬ್ಬೆರಳೇ ಇಲ್ಲದ, ಉತ್ತರವನ್ನು ಬರೆದೇ ತೀರಬೇಕಾದ ಆ್ಯಪ್‌ಗಾಗಿ ಅವರ ಹುಡುಕಾಟ. ಈ ಸೋಮವಾರ ಅಂಥದೊಂದು ಸಿಕ್ಕಿತು. ಅದರಲ್ಲಿ ಮೊದಲು ಬಂದದ್ದು ಚಿತ್ರ ಬರೆಯುವ ಹುಡುಗಿಯ ಮಾತು: "ಜ್ವರ, ಏಳೋಕೇ ಆಗ್ತಿಲ್ಲ." ಎಲ್ಲರೂ ಓದಿದರೆಂದು ಆ್ಯಪ್ ತೋರಿಸಿತು. ಒತ್ತಲು ಏನೂ ಇಲ್ಲದ್ದರಿಂದ ಯಾರೂ ಏನೂ ಹೇಳಲಿಲ್ಲ. ಫೋನ್ ಮಾಡಲೆಂದು ದೊಡ್ಡಪ್ಪ ದಡಬಡಿಸಿ ಎದ್ದರು. ಇಷ್ಟೆಲ್ಲ ಆ್ಯಪ್ ಜರಡಿ ಹಿಡಿದವರು ತಂಡದ ಒಬ್ಬರ ನಂಬರನ್ನೂ ಕೇಳಿ ಇಟ್ಟುಕೊಂಡಿರಲಿಲ್ಲ.